ಪದ ಪರಿಚಯ: ಕಡತ

ಕಡತ ಎಂದರೆ ಇಂದು ಸರ್ಕಾರಿ ಫೈಲು. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಬಳಪದಲ್ಲಿ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ವರ್ತಕರು, ಶಾನುಭೋಗರು ಲೆಕ್ಕಕ್ಕೆ ಬಳಸಿದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರ.

ಸದನದ ಬಳಕೆ ಬೇರೆ. ಸಭಾಧ್ಯಕ್ಷರು ‘ಕಡತದಿಂದ ತೆಗೆಯಿರಿ’ ಎಂದರೆ ಆ ಮಾತು ನಡವಳಿಯಲ್ಲಿ ಉಳಿಯದು. ಸರ್ಕಾರದ ಆರ್ಥಿಕ ನಿರ್ಧಾರಗಳನ್ನು ಶಾಸಕರು ಎಷ್ಟು ಪ್ರಶ್ನಿಸಿದರೆಂದು ಕಂಪ್ಯೂಟರಿನಿಂದ ಅಳೆಯಲು ಈ ನಡವಳಿಗಳೇ ಆಧಾರ.

ಉದಾಹರಣೆಗೆ, ಸಕಲೇಶಪುರ, ಆಲೂರು ಬೆಟ್ಟಗಳ ಕಾಫಿ ಬೆಳೆಗಾರರ ಅಹವಾಲು ಹುಡುಕಲು ಎರಡು ಕಡೆಯ ಕಡತ ಬೇಕು. ಕಾಡಾನೆ ತುಳಿದ ಬೆಳೆಗೆ ಪರಿಹಾರ ಕೊಡುವುದು ರಾಜ್ಯದ ಅರಣ್ಯ ಇಲಾಖೆ. ಆ ಪ್ರಶ್ನೆ ಏಳುವುದು ವಿಧಾನಸಭೆಯಲ್ಲಿ. 1942ರ ಕಾಫಿ ಕಾಯಿದೆಯ ಕಾಫಿ ಮಂಡಳಿ ಇರುವುದು ಕೇಂದ್ರ ವಾಣಿಜ್ಯ ಸಚಿವಾಲಯದಡಿ. ಅದರ ಪ್ರಶ್ನೆ ಸಂಸತ್ತಿಗೆ.

ನಡವಳಿ ಹುಡುಕುವ ಕಂಪ್ಯೂಟರಿಗೆ ‘ಆನೆ’ ಎಂದಷ್ಟೇ ಕೊಟ್ಟರೆ ‘ಕಾಡಾನೆ’ ತಪ್ಪಿಹೋಗುತ್ತದೆ. ಸಂಧಿಯಲ್ಲಿ ‘ಆ’ ಅಕ್ಷರವೇ ಕಾಣದು. ‘ತೋಟಕ್ಕೆ’, ‘ತೋಟದಲ್ಲಿ’ ಎರಡರ ಮೂಲವೂ ತೋಟವೆಂದು ಕಲಿಸಬೇಕು. ಹಳೆಯ ಫಾಂಟುಗಳ ಪಠ್ಯವನ್ನು ಯೂನಿಕೋಡ್‌ಗೆ ತರಬೇಕು. ಇಷ್ಟಾದರೆ ಯಾವ ಅಧಿವೇಶನದಲ್ಲಿ ಯಾವ ವಿಷಯ ಎಷ್ಟು ಬಾರಿ ಬಂತೆಂಬ ಎಣಿಕೆ ಸಿಗುತ್ತದೆ. ಸಚಿವರ ಉತ್ತರ ನೇರವೋ ಜಾರಿಕೆಯೋ ಎಂಬುದನ್ನು ಮಾತ್ರ ಓದಿಯೇ ತೂಗಬೇಕು.

ಬಳಕೆ: ಕಡತ ವಿಲೇವಾರಿ, ಕಡತ ಮಂಡನೆ, ‘ನಿಮ್ಮ ಕಡತ ಮೇಜಿನ ಮೇಲಿದೆ’.