ಬಿಲ್ ಕಟ್ಟಿದವನದೇ ಮಾತು

ವಾಟ್ಸಾಪ್ ಗ್ರೂಪಿನ ಅಡ್ಮಿನ್ ದರ್ಬಾರು ಕಂಡು ಉರ್ಕೊಳ್ಳೋ ನಮಗೆ ಯೂಸ್‌ನೆಟ್ ಕಥೆ ಗೊತ್ತಿರಬೇಕು. ವೆಬ್ ಹುಟ್ಟುವ ಮೊದಲೇ ಅಲ್ಲಿ ಈ ಜಗಳವೆಲ್ಲ ಆಡಿ ಮುಗಿಸಿದ್ದರು.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ ಜಾಲ ಇದು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ ಸಂದೇಶ ದಾಟಿಸುತ್ತಿತ್ತು, ಅದು ಮುಂದಿನದಕ್ಕೆ. ಕೇಂದ್ರ ಸರ್ವರ್ ಇಲ್ಲ, ಯಜಮಾನನಿಲ್ಲ. ಎಲ್ಲರೂ ಸಮಾನರು ಅಂತ ಲೆಕ್ಕ.

ಆದರೆ ದೂರದೂರಿಗೆ ಮಾಡುವ ಕರೆ ದುಬಾರಿ. ಆ ಬಿಲ್ ಹೊರಬಲ್ಲ ಕಂಪನಿ, ವಿಶ್ವವಿದ್ಯಾಲಯಗಳ ಕೆಲವೇ ಯಂತ್ರಗಳ ಮೂಲಕ ಬಹುಪಾಲು ಸಂದೇಶ ಹರಿಯತೊಡಗಿತು. ಅವೇ ‘ಬ್ಯಾಕ್‌ಬೋನ್’. ಅವುಗಳ ಅಡ್ಮಿನ್‌ಗಳಿಗೆ ಯಾರೂ ಪಟ್ಟ ಕಟ್ಟಿರಲಿಲ್ಲ. ನಾಲೆ ನೀರಿನ ಊರಲ್ಲಿ ಬೆಳೆದ ನನಗೆ ಇದು ಹೊಸದಲ್ಲ: ತೂಬಿನ ಕೀಲಿ ಯಾರ ಕೈಲಿದೆಯೋ ಅವರಿಗೆ ಕೊನೇ ಗದ್ದೆಯವನು ನಮಸ್ಕಾರ ಹೊಡೆಯಲೇಬೇಕು. ಜನ ಅವರನ್ನು ‘ಬ್ಯಾಕ್‌ಬೋನ್ ಕಬಾಲ್’ ಅಂದರು, ಅಂದರೆ ಒಳಗುಂಪು.

1986-87ರಲ್ಲಿ ಈ ಒಳಗುಂಪು ಚರ್ಚಾಗುಂಪುಗಳ ಹೆಸರನ್ನೆಲ್ಲ ಬದಲಿಸಿ ಏಳು ವಿಭಾಗಗಳಿಗೆ ಹಂಚಿತು. ಜಗಳ ಹುಟ್ಟಿಸೋ ವಿಷಯಗಳು ‘ಟಾಕ್’ ವಿಭಾಗಕ್ಕೆ ಹೋದವು. ಬೇಡವೆಂದವರು ಅದೊಂದನ್ನು ಕೈಬಿಟ್ಟು ಬಿಲ್ ಉಳಿಸಬಹುದಲ್ಲ! ಹೆಸರಿಡುವುದೂ ಅಧಿಕಾರವೇ.

ಇದಕ್ಕೆ ಒಪ್ಪದ ಬ್ರಯಾನ್ ರೀಡ್, ಜಾನ್ ಗಿಲ್ಮೋರ್ ಮೊದಲಾದವರು 1987ರಲ್ಲಿ ಬ್ಯಾಕ್‌ಬೋನ್ ಮುಟ್ಟದ ಬೇರೆ ದಾರಿ ಮಾಡಿಕೊಂಡು ‘ಆಲ್ಟ್’ ವಿಭಾಗ ತೆರೆದರು. ಅಲ್ಲಿ ಯಾರ ಅಪ್ಪಣೆಯೂ ಬೇಡ. ಮರುವರ್ಷ ಲೈಂಗಿಕತೆ ಕುರಿತ ಗುಂಪೊಂದು ಮತದಾನದಲ್ಲಿ ಗೆದ್ದರೂ ಬ್ಯಾಕ್‌ಬೋನ್ ಒಪ್ಪಲಿಲ್ಲ. ರೀಡ್ ಅದನ್ನು ಆಲ್ಟ್‌ನಲ್ಲಿ ಶುರುಮಾಡಿಯೇಬಿಟ್ಟರು.

ಒಳಗುಂಪು ಸೋತಿದ್ದು ಬಂಡಾಯವೊಂದರಿಂದಲೇ ಅಲ್ಲ. 1986ರಲ್ಲಿ ಎನ್‌ಎನ್‌ಟಿಪಿ ಪ್ರೊಟೊಕಾಲ್ ಬಂದ ಮೇಲೆ ಸಂದೇಶಗಳು ಇಂಟರ್‌ನೆಟ್ ಮೇಲೆಯೇ ಓಡಾಡತೊಡಗಿದವು. ಫೋನ್ ಕರೆಯ ಹಂಗು ಕಡಿಮೆಯಾಯಿತು. ತೂಬೇ ಇಲ್ಲದ ಕಡೆ ಕೀಲಿಗೇನು ಬೆಲೆ? ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಅವರ ದರ್ಬಾರೂ ಮುಗಿಯುತ್ತ ಬಂದಿತ್ತು.

ಇವತ್ತು ಸರ್ವರ್ ಬಿಲ್ ನಾವು ಕಟ್ಟಲ್ಲ, ಫ್ರೀ ಅಂತ ಖುಷಿಯಾಗಿದ್ದೀವಿ. ಯೂಸ್‌ನೆಟ್‌ನವರಿಗೆ ಬೇರೆ ದಾರಿ ಹುಡುಕೋಕೆ ಅವಕಾಶವಿತ್ತು. ಯಾವ ಯಂತ್ರ ಯಾವುದಕ್ಕೆ ಬೇಕಾದರೂ ಫೋನ್ ಮಾಡಬಹುದಿತ್ತು. ಒಂದೇ ಕಂಪನಿಯ ಸರ್ವರಿನಲ್ಲಿ ಕೂತ ನಮಗೆ ಆ ದಾರಿ ಎಲ್ಲಿದೆ? ಅಡ್ಮಿನ್ ಜೊತೆ ಜಗಳ ಆಮೇಲಿರಲಿ. ನಾಳೆ ಎದ್ದು ಹೊರಟರೆ ನಮ್ಮ ಮಾತು, ನಮ್ಮ ಜನ ನಮ್ಮ ಜೊತೆ ಬರಬಹುದಾ ಅನ್ನೋದನ್ನ ಮೊದಲು ಕೇಳ್ಕೋಬೇಕು.