ತಿಪ್ಪೆಯ ಸ್ವಾಮ್ಯ ಮತ್ತು ತ್ಯಾಗವಿಚಾರ

ಮುಂಡರಗಿ ತಾಲೂಕಿನ ಹಮ್ಮಿಗಿಯು ತುಂಗಭದ್ರೆಯ ಎಡದಂಡೆಯ ಮೇಲಿನ ಗ್ರಾಮ. 1997ರಲ್ಲಿ ಗದಗ ಜಿಲ್ಲೆಯು ಬೇರೆಯಾಗುವವರೆಗೆ ಈ ಸೀಮೆಯು ಧಾರವಾಡ ಜಿಲ್ಲೆಗೆ ಸೇರಿದ್ದಿತು. ಸಿಂಗಟಾಲೂರು ಏತನೀರಾವರಿಯ ಬ್ಯಾರೇಜು ಇಲ್ಲಿಯೇ ನಿರ್ಮಿತವಾದುದರಿಂದ ಈ ಊರಿನ ಹೆಸರು ಈಗ ನೀರಿನ ಸಂಬಂಧದಲ್ಲಿಯೇ ಹೆಚ್ಚಾಗಿ ಕೇಳಬರುತ್ತದೆ. ನೀರಿನ ಸ್ವಾಮ್ಯವನ್ನು ಕುರಿತು ಬರೆದವರು ಅನೇಕರು. ತಿಪ್ಪೆಯ ಸ್ವಾಮ್ಯವನ್ನು ಕುರಿತು ಬರೆದವರು ವಿರಳ. ಮನೆಯೊಡೆಯನು ಹೊರಗಿಟ್ಟ ಕಸವು ಯಾರ ಸ್ವತ್ತು? ಅದನ್ನು ಬಿಚ್ಚಿ ನೋಡುವ ಅಧಿಕಾರವು ಯಾರಿಗುಂಟು? ಇದು ಅಲ್ಪವಿಷಯವೆಂದು ವಾಚಕರು ನಗಬಹುದು. ಆದರೆ ಸ್ವತ್ವವೆಂದರೇನು, ಅದು ಯಾವ ಕ್ಷಣದಲ್ಲಿ ನಿವೃತ್ತವಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು.

ಈ ಎರೆಭೂಮಿಯ ಗ್ರಾಮಗಳಲ್ಲಿ ಮನೆಯ ಕಸವನ್ನು ಬಿಸಾಡುವುದೆಂಬುದೇ ಪೂರ್ವದಲ್ಲಿ ಇರಲಿಲ್ಲವೆನ್ನಬಹುದು. ಹೆಂಡಿ, ಒಲೆಯ ಬೂದಿ, ದನಗಳು ತಿಂದುಳಿದ ಕಣಿಕೆ, ಅಂಗಳದ ಕಸ ಇವೆಲ್ಲವೂ ಊರಂಚಿನಲ್ಲಿ ಆಯಾ ಮನೆತನಕ್ಕೆ ಸೇರಿದ ತಿಪ್ಪೆಯನ್ನು ಸೇರಿ, ಬೇಸಗೆಯಲ್ಲಿ ಚಕ್ಕಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ಒಬ್ಬರ ತಿಪ್ಪೆಯಿಂದ ಮತ್ತೊಬ್ಬರು ಒಂದು ಬುಟ್ಟಿ ಗೊಬ್ಬರವನ್ನು ಕೇಳದೆ ತುಂಬಿಕೊಂಡರೆ ಅದು ಕಳವು. ಅಣ್ಣತಮ್ಮಂದಿರು ಬೇರೆಯಾಗುವಾಗ ಬಣವೆಯ ಜಾಗದೊಡನೆ ತಿಪ್ಪೆಯ ಜಾಗವೂ ಪಾಲಿಗೆ ಬರುವುದುಂಟು. ದೀಪಾವಳಿಯ ಬಲಿಪಾಡ್ಯಮಿಯಲ್ಲಿ ಸೆಗಣಿಯ ಪಾಂಡವರನ್ನು ಮಾಡಿ ಪೂಜಿಸುವ ಈ ಸೀಮೆಯವರಲ್ಲಿ ತಿಪ್ಪೆಗೂ ಒಂದು ದೀಪವನ್ನಿಡುವ ವಾಡಿಕೆಯಿದೆ. ತ್ಯಜಿಸಿದ ವಸ್ತುವಿಗೆ ಯಾರೂ ದೀಪವಿಡುವುದಿಲ್ಲ, ಧನಕ್ಕೆ ಇಡುವರು. ಆದುದರಿಂದ ತಿಪ್ಪೆಯು ತ್ಯಕ್ತವಸ್ತುಗಳ ರಾಶಿಯಲ್ಲ, ಕೂಡಿಟ್ಟ ದ್ರವ್ಯವೇ ಸರಿ.

ಇದೇ ತಿಪ್ಪೆಯು ಮತ್ತೊಂದು ಪ್ರಸಂಗದಲ್ಲಿ ತ್ಯಾಗದ ಸ್ಥಾನವೂ ಆಗುತ್ತಿದ್ದಿತೆಂಬುದು ಕೌತುಕಾಸ್ಪದವಾಗಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸದಾಗಿ ಜನಿಸಿದ ಶಿಶುವನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೊಬ್ಬರು ಅದನ್ನೆತ್ತಿಕೊಂಡು, ಅವರಿಂದ ತಾಯಿಯು ಅದನ್ನು ಮರಳಿ ಪಡೆಯುವ ಆಚಾರವು ಕನ್ನಡನಾಡಿನಲ್ಲಿ ಹಲವೆಡೆ ಇದ್ದಿತು. ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರುಗಳಲ್ಲಿ ಕೆಲವು ಹೀಗೆ ಬಂದುವು. (ಎಲ್ಲ ತಿಪ್ಪಣ್ಣಂದಿರಿಗೂ ಈ ನಿರ್ವಚನವನ್ನು ಹಚ್ಚಲಾಗದು; ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಭಕ್ತಿಯಿಂದ ಬಂದ ಹೆಸರುಗಳೇ ಬೇರೆ.) ಮೊದಲಿನವರ ಸ್ವತ್ವನಿವೃತ್ತಿ, ಅಸ್ವಾಮಿಕಾವಸ್ಥೆ, ಅನ್ಯನ ಸ್ವೀಕಾರ, ಪುನಃ ಕ್ರಯ: ನ್ಯಾಯಶಾಸ್ತ್ರದ ನಾಲ್ಕು ಮೆಟ್ಟಿಲುಗಳನ್ನು ಅಕ್ಷರವರಿಯದ ತಾಯಿಯು ಯಮನ ಕಣ್ಣಿಗೆ ಮಣ್ಣೆರಚುವುದಕ್ಕಾಗಿ ಕ್ರಮವಾಗಿ ಏರುತ್ತಿದ್ದಳು! ಸ್ವತ್ವವು ಲೌಕಿಕವೆಂದು ಸಾಧಿಸಿದ ವಿಜ್ಞಾನೇಶ್ವರನಿಗೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಾಗುತ್ತಿರಲಿಲ್ಲ.

ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. 1076-1126) ಕಲ್ಯಾಣದಲ್ಲಿ ರಚಿತವಾದ ಮಿತಾಕ್ಷರೆಯ ದಾಯಭಾಗ ಪ್ರಕರಣದಲ್ಲಿ, ಸ್ವತ್ವವು ಶಾಸ್ತ್ರೈಕಗಮ್ಯವೆಂಬ ಪೂರ್ವಪಕ್ಷವನ್ನು ಖಂಡಿಸಿ, ಶಾಸ್ತ್ರವನ್ನರಿಯದ ಜನರಲ್ಲಿಯೂ ಕ್ರಯವಿಕ್ರಯಗಳು ಕಾಣುವುದರಿಂದ ಅದು ಲೋಕಸಿದ್ಧವೆಂದು ನಿರ್ಣಯಿಸಲಾಗಿದೆ. ಅಲ್ಲಿಯೇ ಗೌತಮನು ಹೇಳಿರುವ ಸ್ವಾಮ್ಯಹೇತುಗಳನ್ನು, ಅಂದರೆ ರಿಕ್ಥ, ಕ್ರಯ, ಸಂವಿಭಾಗ, ಪರಿಗ್ರಹ, ಅಧಿಗಮ ಎಂಬಿವನ್ನು ವಿಜ್ಞಾನೇಶ್ವರನು ವಿವರಿಸಿರುವನು. ನಮಗೆ ಇಲ್ಲಿ ಮುಖ್ಯವಾದುದು ಪರಿಗ್ರಹ. ಕಾಡಿನ ಹುಲ್ಲು, ನೀರು, ಕಟ್ಟಿಗೆ ಮೊದಲಾದ, ಪೂರ್ವದಲ್ಲಿ ಮತ್ತೊಬ್ಬರದಾಗಿರದ ವಸ್ತುವನ್ನು ಸ್ವೀಕರಿಸುವುದೇ ಪರಿಗ್ರಹವೆಂದು ಅವನ ವ್ಯಾಖ್ಯಾನ. ಮನೆಯ ಕಸವು ಹೀಗೆ ಅನನ್ಯಪೂರ್ವವಲ್ಲ. ಅದಕ್ಕೆ ನಿನ್ನೆಯವರೆಗೆ ಒಡೆಯನಿದ್ದನು. ಹೀಗಿರಲು ಬೀದಿಯ ಕಸವನ್ನು ಎತ್ತಿಕೊಂಡವನು ಕಾಡಿನ ಕಟ್ಟಿಗೆಯನ್ನು ತಂದವನಂತೆ ಅದರ ಒಡೆಯನಾದನೆಂದು ಹೇಳಲಾಗುವುದಿಲ್ಲ. ಪೂರ್ವಸ್ವಾಮಿಯ ತ್ಯಾಗವು ಮೊದಲು ಸಿದ್ಧವಾಗತಕ್ಕದ್ದು.

ಕಳೆದುಹೋದುದು ಬೇರೆ, ಬಿಟ್ಟುದು ಬೇರೆ. ನಷ್ಟವಸ್ತುವಿನ ಒಡೆಯನಿಗಾಗಿ ರಾಜನು ಮೂರು ವರ್ಷ ಕಾಯಬೇಕೆಂದು ಮನುವೂ, ಒಂದು ವರ್ಷವೆಂದು ಯಾಜ್ಞವಲ್ಕ್ಯನೂ ವಿಧಿಸಿರುವರು. ಏಕೆಂದರೆ ವಸ್ತುವು ಕೈಬಿಟ್ಟಿದ್ದರೂ ಮನಸ್ಸು ಬಿಟ್ಟಿಲ್ಲ. ಮನಸ್ಸೂ ಬಿಟ್ಟಾಗ ತ್ಯಾಗ. ಆ ತ್ಯಾಗವೂ ಎರಡು ಬಗೆಯದು. ವೃಷೋತ್ಸರ್ಗದಲ್ಲಿ ಗೂಳಿಯನ್ನು ಬಿಟ್ಟವನು ಅದನ್ನು ಯಾರಿಗೂ ಕೊಡುವುದಿಲ್ಲ. ಕೆರೆಯನ್ನು ಉತ್ಸರ್ಗಮಾಡಿದವನು ಸರ್ವಭೂತಗಳಿಗೆಂದು ಬಿಡುವನು. ದಾನದಲ್ಲಾದರೋ ತನ್ನ ಸ್ವತ್ವನಿವೃತ್ತಿಯೊಡನೆ ಗೊತ್ತಾದ ಮತ್ತೊಬ್ಬನ ಸ್ವತ್ವವು ಉಂಟಾಗಬೇಕು. ಪ್ರತಿಗ್ರಹೀತನು ಸ್ವೀಕರಿಸಿದ ಹೊರತು ಅವನ ಸ್ವತ್ವವು ಹುಟ್ಟುವುದಿಲ್ಲವೆಂದು ಮಿತಾಕ್ಷರೆ. ದಾತನ ತ್ಯಾಗಮಾತ್ರದಿಂದಲೇ ಅದು ಹುಟ್ಟುವುದೆಂದು ವಂಗದೇಶದ ಜೀಮೂತವಾಹನ. ರೋಮಕರ ಧರ್ಮಶಾಸ್ತ್ರಜ್ಞರಲ್ಲಿಯೂ ಇದಕ್ಕೆ ಹೋಲುವ ವಿವಾದವಿದ್ದಿತು. ಬಿಸಾಡಿದ ವಸ್ತುವಿನಲ್ಲಿ ಒಡೆಯನ ಸ್ವಾಮ್ಯವು ಆ ಕ್ಷಣವೇ ನಾಶವಾಗುವುದೆಂದು ಸಬೀನಿಯರು ಹೇಳಿದರೆ, ಮತ್ತೊಬ್ಬನು ಅದನ್ನು ಕೈವಶಮಾಡಿಕೊಳ್ಳುವವರೆಗೆ ಉಳಿಯುವುದೆಂದು ಪ್ರೋಕುಲನು ವಾದಿಸಿದನು. ಜಸ್ಟಿನಿಯನನ ಕಾಲಕ್ಕೆ ಮೊದಲಿನವರ ಪಕ್ಷವೇ ಗೆದ್ದಿತು.

ಇನ್ನು ಬಿದ್ದುದನ್ನು ಆಯ್ದುಕೊಂಡು ಬದುಕುವವರ ವಿಷಯ. ಕಟಾವು ಮುಗಿದ ಹೊಲದಲ್ಲಿ ತೆನೆಗಳನ್ನೂ, ಹತ್ತಿಯನ್ನೂ ಹಕ್ಕಲಾಯುವುದು ಈ ಸೀಮೆಯ ಬಡವರಿಗೆ ಹಿಂದಿನಿಂದ ಬಂದ ಹಕ್ಕು, ಅದನ್ನು ಕಳವೆಂದವರಿಲ್ಲ. ಕಾಳು ತೆನೆಗಳನ್ನು ಹೀಗೆ ಆಯ್ದು ಜೀವಿಸುವ ಉಂಛಶಿಲವೃತ್ತಿಗೆ ಋತವೆಂದು ಹೆಸರಿಟ್ಟು, ಬ್ರಾಹ್ಮಣನ ಜೀವನೋಪಾಯಗಳಲ್ಲಿ ಅದನ್ನು ಮೊದಲು ಎಣಿಸಿದವನು ಮನು. ಮಿತಾಕ್ಷರೆಯು ಹುಟ್ಟಿದ ಕಲ್ಯಾಣದಲ್ಲಿಯೇ, ಮುಂದೆ ಕೆಲವು ದಶಕಗಳಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದೇ ಆಯ್ದಕ್ಕಿ ಮಾರಯ್ಯನ ಕಾಯಕವಾಗಿದ್ದಿತು. ಒಂದು ದಿನ ಅವನು ಹೆಚ್ಚಾಗಿ ಆಯ್ದುತಂದಾಗ ಅವನ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯು ಸರ್ವವಿದಿತ. ಭಕ್ತರ ಮನೆಯಂಗಳವನ್ನು ಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಹೊನ್ನು ವಸ್ತ್ರಗಳು ಬಿದ್ದಿದ್ದರೂ ಮುಟ್ಟೆನೆಂದು ವ್ರತತೊಟ್ಟುದನ್ನು ಅವಳ ವಚನವೊಂದರಿಂದ ತಿಳಿಯಬಹುದು. ಈ ಎರಡನ್ನೂ ವೈರಾಗ್ಯದ ನಿದರ್ಶನಗಳೆಂದೇ ವ್ಯಾಖ್ಯಾನಿಸುವುದು ರೂಢಿ. ನಮಗೆ ಇವುಗಳಲ್ಲಿ ಸೂಕ್ಷ್ಮವಾದ ವ್ಯವಹಾರಜ್ಞಾನವೂ ಕಾಣುತ್ತದೆ. ಬಿದ್ದ ಅಕ್ಕಿಯು ತ್ಯಕ್ತ. ಬಿದ್ದ ಹೊನ್ನು ನಷ್ಟ. ಕಸಬರಿಗೆ ಹಿಡಿದವಳಿಗೆ ಈ ಭೇದವು ಕರತಲಾಮಲಕವಾಗಿದ್ದಿತು.

ನಗರದ ಕಸದ ಚರಿತ್ರೆಯೇ ಬೇರೆ. ಅಲ್ಲಿ ಹೊಲವಿಲ್ಲ, ತಿಪ್ಪೆಯಿಂದ ಲಾಭವಿಲ್ಲ. ಆದುದರಿಂದ ಕಸವು ದ್ರವ್ಯವಾಗದೆ ದೋಷವಾಯಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಬೀದಿಗೆ ಕಸಧೂಳನ್ನು ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗವೂ, ಕೆಸರುನೀರಿನಿಂದ ದಾರಿಯನ್ನು ತಡೆದವನಿಗೆ ಕಾಲು ಪಣವೂ, ರಾಜಮಾರ್ಗದಲ್ಲಾದರೆ ಇಮ್ಮಡಿಯೂ ದಂಡವೆಂದಿದೆ. ಮನುವು ರಾಜಮಾರ್ಗವನ್ನು ಮಲಿನಗೊಳಿಸಿದವನಿಂದ ಎರಡು ಕಾರ್ಷಾಪಣಗಳನ್ನು ತೆಗೆದುಕೊಂಡು, ಅವನಿಂದಲೇ ಶುದ್ಧಿಮಾಡಿಸಬೇಕೆನ್ನುವನು. ದಂಡವು ಯಾರಿಗೆಂಬುದನ್ನು ಗಮನಿಸಬೇಕು: ಬೀದಿಗೆ ಬಂದ ಕಸಕ್ಕೂ ಅದನ್ನು ಹಾಕಿದವನೇ ಹೊಣೆ. ಹೊಣೆಯು ಉಳಿದಿರುವಾಗ ಸಂಬಂಧವು ಪೂರ್ಣವಾಗಿ ಹರಿದುಹೋಯಿತೆಂದು ಹೇಳುವುದು ಹೇಗೆ? ಆಂಗ್ಲರ ಕಾಲದಲ್ಲಿ ಈ ಸಂಬಂಧವನ್ನು ಶಾಸನದಿಂದಲೇ ಕಡಿದರು. ಮುಂಬಯಿ ನಗರಕ್ಕೆ 1888ರಲ್ಲಿ ಆದ ಶಾಸನವು, ಗೊತ್ತುಮಾಡಿದ ಸ್ಥಳದಲ್ಲಿ ಹಾಕಿದ ಕಸವೆಲ್ಲವೂ ನಗರಪಾಲಿಕೆಯ ಸ್ವತ್ತೆಂದು ವಿಧಿಸಿತು. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ ಮತ್ತು ಅಪಾಯಕರವೆಂದು ಕಸವನ್ನು ಮೂರಾಗಿ ಬೇರ್ಪಡಿಸಿ ಕೊಡುವ ಭಾರವನ್ನು ಗೃಹಸ್ಥನ ಮೇಲೆ ಹೊರಿಸಿ, ಚಿಂದಿ ಆಯುವವರನ್ನೂ ಮೊದಲಬಾರಿಗೆ ವ್ಯವಸ್ಥೆಯೊಳಗೆ ಗಣಿಸಿದುವು. ಈಚೆಗೆ ಕರ್ನಾಟಕದ ಗ್ರಾಮಪಂಚಾಯತಿಗಳಲ್ಲಿಯೂ ಸ್ವಚ್ಛವಾಹಿನಿಯೆಂಬ ಬಂಡಿಯು ಮನೆಮನೆಯ ಮುಂದೆ ನಿಲ್ಲುವುದಾಗಿದೆ. ಸ್ವಸಹಾಯ ಸಂಘಗಳ ಹೆಂಗಸರೇ ಅನೇಕ ಕಡೆ ಅದನ್ನು ನಡೆಸುತ್ತಿರುವರು. ತಿಪ್ಪೆಗೆ ಸಲ್ಲದ ಪ್ಲಾಸ್ಟಿಕ್ಕು, ಔಷಧದ ಚೀಟಿ, ಬ್ಯಾಂಕಿನ ಕಾಗದ ಇವು ಹಳ್ಳಿಗೂ ಬಂದುವಷ್ಟೆ.

ಕಾಗದವು ಕಸವಾದೊಡನೆ ಗೌಪ್ಯದ ಪ್ರಶ್ನೆಯು ಏಳುತ್ತದೆ. ಇದು ಪಾಶ್ಚಾತ್ಯರಿಂದ ಬಂದ ಹೊಸ ಕಲ್ಪನೆಯೆಂದು ಕೆಲವರ ಅಭಿಪ್ರಾಯ. ಗೃಹ್ಯಸೂತ್ರಗಳನ್ನು ನೋಡಿದವರು ಹಾಗೆನ್ನಲಾರರು. ಚೌಲದಲ್ಲಿ ಕತ್ತರಿಸಿದ ಶಿಶುವಿನ ಕೂದಲನ್ನು ಸೆಗಣಿಯೊಳಗೆ ಸೇರಿಸಿ, ಕೊಟ್ಟಿಗೆಯಲ್ಲಿಯೋ ನೀರಿನ ಬಳಿಯಲ್ಲಿಯೋ ಹೂಳುವ ವಿಧಿಯಿದೆ. ಬೇರೆಯವರ ಕೈಗೆ ಸಿಕ್ಕಿದರೆ ಆಭಿಚಾರಕ್ಕೆ ಆಸ್ಪದವಾದೀತೆಂಬ ಭಯದಿಂದ ಉದುರಿದ ಕೂದಲನ್ನೂ ಉಗುರನ್ನೂ ಬಯಲಿಗೆ ಬಿಸಾಡದಿರುವುದು ಮನೆಮನೆಯ ರೂಢಿ. ಅಂದರೆ ಕಸದಲ್ಲಿ ಎರಡು ವಿಧ: ವಸ್ತುಮಾತ್ರವಾದುದು ಒಂದು, ವ್ಯಕ್ತಿಯ ಗುರುತನ್ನು ಹೊತ್ತಿರುವುದು ಮತ್ತೊಂದು. ಮೊದಲನೆಯದು ತಿಪ್ಪೆಗೆ ಹೋಗಬಹುದು; ಎರಡನೆಯದನ್ನು ಮುಚ್ಚಿಡಬೇಕು. ಇಂದು ಅದೇ ಕೂದಲನ್ನು ಹೆಂಗಸರು ಬಾಚಿ ಕೂಡಿಟ್ಟು ಬೀದಿಗೆ ಬರುವ ವ್ಯಾಪಾರಿಗೆ ಕೊಡುವರು. ಹಮ್ಮಿಗಿಗೆ ನೆರೆಯ ಜಿಲ್ಲೆಯಾದ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನ ಉದ್ಯಮವೇ ಬೆಳೆದಿದೆ. ಆದರೆ ಅಲ್ಲಿ ಬೆಲೆಯನ್ನು ಕೊಟ್ಟು, ಒಪ್ಪಿಗೆಯನ್ನು ಪಡೆದು ಕೊಳ್ಳುವರೆಂಬುದನ್ನು ಮರೆಯಬಾರದು.

ಈ ವಿಭಾಗವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಒಪ್ಪಲಿಲ್ಲ. ಕ್ಯಾಲಿಫೋರ್ನಿಯದ ಗ್ರೀನ್‌ವುಡ್ ಎಂಬವನ ಮನೆಯ ಮುಂದಿನ ಕಸದ ಚೀಲಗಳನ್ನು ಪೊಲೀಸರು ಕಸದವನ ಮೂಲಕ ತರಿಸಿಕೊಂಡು, ವಾರಂಟು ಇಲ್ಲದೆ ಶೋಧಿಸಿ ಮಾದಕದ್ರವ್ಯದ ಕುರುಹುಗಳನ್ನು ಕಂಡಿದ್ದರು. ಬೀದಿಯಲ್ಲಿಟ್ಟ ಚೀಲವು ಪಶುಗಳಿಗೂ ಮಕ್ಕಳಿಗೂ ಚಿಂದಿ ಆಯುವವರಿಗೂ ಎಟಕುವುದರಿಂದ ಅದರಲ್ಲಿ ಗೌಪ್ಯದ ನಿರೀಕ್ಷೆಯು ಸಲ್ಲದೆಂದು ಆರು ಮಂದಿ ನ್ಯಾಯಾಧೀಶರು ತೀರ್ಮಾನಿಸಿದರು; ಇಬ್ಬರು ಒಪ್ಪಲಿಲ್ಲ. 1990ರಲ್ಲಿ ನ್ಯೂಜರ್ಸಿಯ ನ್ಯಾಯಾಲಯವು ತನ್ನ ಸಂಸ್ಥಾನದ ಮಟ್ಟಿಗೆ ಭಿನ್ನವಾಗಿಯೇ ನಿರ್ಣಯಿಸಿತು. ನಮ್ಮ ಮತದಲ್ಲಿ ಆ ಆರು ಮಂದಿಯ ತರ್ಕವು ದುರ್ಬಲ. ನಾಯಿಯು ಚೀಲವನ್ನು ಹರಿಯಬಲ್ಲದೆಂಬ ಮಾತ್ರಕ್ಕೆ ಓದಬಲ್ಲವನಿಗೆ ಅಧಿಕಾರವು ಬರುವುದೆ? ಕಸವನ್ನು ಬೀದಿಯಲ್ಲಿಡುವುದು ವೃಷೋತ್ಸರ್ಗದಂತೆ ಸ್ವೇಚ್ಛೆಯ ಸರ್ವತ್ಯಾಗವಲ್ಲ. ಶಾಸನವು ವಿಧಿಸಿದಂತೆ, ಗೊತ್ತಾದ ಪ್ರತಿಗ್ರಹೀತನಿಗಾಗಿ, ಗೊತ್ತಾದ ಪ್ರಯೋಜನಕ್ಕಾಗಿ ಇಟ್ಟುದು. ಮಿತಾಕ್ಷರೆಯ ನ್ಯಾಯವನ್ನು ಹಚ್ಚಿದರೆ ಬಂಡಿಯವರು ಸ್ವೀಕರಿಸುವವರೆಗೆ ಅದು ಮನೆಯವನದೇ. ಸ್ವೀಕರಿಸಿದ ಮೇಲೂ ಅವರಿಗೆ ದಕ್ಕುವುದು ಕಾಗದವೆಂಬ ದ್ರವ್ಯ. ರದ್ದಿಯಾಗಿ ಮಾರಿ ಹಣಮಾಡಿಕೊಳ್ಳಲಿ, ಅದು ಅವರ ದುಡಿಮೆಯ ಫಲ. ಕಾಗದದಲ್ಲಿ ಬರೆದಿರುವ ರೋಗದ ಹೆಸರನ್ನಾಗಲಿ ಸಾಲದ ಮೊತ್ತವನ್ನಾಗಲಿ ಮನೆಯವನು ಯಾರಿಗೂ ಕೊಟ್ಟಿಲ್ಲ. ದ್ರವ್ಯದ ತ್ಯಾಗದಿಂದ ರಹಸ್ಯದ ತ್ಯಾಗವನ್ನು ಊಹಿಸುವುದು ಅತಿಪ್ರಸಂಗ.

ಭಾರತದಲ್ಲಿ ಗೌಪ್ಯವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 24 ಆಗಸ್ಟ್ 2017ರಂದು ಏಕಮತದಿಂದ ಸಾರಿತು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮ್ಮವರಿಗೆ ಹೆಮ್ಮೆಯ ವಿಷಯ. ಅದು ಕಸದ ವ್ಯಾಜ್ಯವಲ್ಲ, ಆಧಾರದ ಸಂಬಂಧವಾದುದು. ಆದರೆ ವ್ಯಕ್ತಿಯ ಗುರುತನ್ನು ಹೊತ್ತ ವಿಷಯವು ಎಲ್ಲಿದ್ದರೂ ವ್ಯಕ್ತಿಯದೇ ಎಂಬ ಅದರ ಧೋರಣೆಯು ಕೇಶನಖಗಳನ್ನು ಹೂಳಿಸಿದ ಗೃಹ್ಯಸೂತ್ರಕಾರರಿಗೆ ಅಪರಿಚಿತವೆನಿಸುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ, ಅದೂ ನಮ್ಮಂತಹವರ ಮೇಲೆಯೇ. ಈಜಿಪ್ತದ ಆಕ್ಸಿರಿಂಕಸ್ ಎಂಬ ಪ್ರಾಚೀನನಗರದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲವಿದ್ವಾಂಸರು 1896ರಿಂದ ಅಗೆಯತೊಡಗಿದರು. ಅಲ್ಲಿ ದೊರೆತು 1903ರಲ್ಲಿ ಪ್ರಕಟವಾದ 413ನೆಯ ಪ್ಯಾಪಿರಸ್ಸಿನಲ್ಲಿ ಕ್ಯಾರಿಟಿಯನ್ ಎಂಬ ಗ್ರೀಕ್ ತರುಣಿಯು ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಪ್ರಹಸನವಿದೆ. ಅದರ ಕೆಲವು ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದುದೂ, ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಚರ್ಚಿಸಿದುದೂ, ಬಾರ್ನೆಟ್ ಮೊದಲಾದವರು ಸಂದೇಹಪಟ್ಟುದೂ ಈ ಪತ್ರಿಕೆಯ ವಾಚಕರಿಗೆ ಹೊಸತಲ್ಲ. ಆ ಸಂವಾದವು ನಿಜವಾಗಿ ಕನ್ನಡವೇ ಆದರೆ ನಮ್ಮ ನುಡಿಯ ಅತಿಪ್ರಾಚೀನವಾದ ಸಾಕ್ಷ್ಯಗಳಲ್ಲೊಂದು ಪರದೇಶದ ತಿಪ್ಪೆಯಲ್ಲಿ ಉಳಿದುಬಂದಂತಾಯಿತು. ಅದೇ ದಿಬ್ಬಗಳಲ್ಲಿ ತನ್ನನ್ನು ಅಲೆಕ್ಸಾಂಡ್ರಿಯಕ್ಕೆ ಕರೆದೊಯ್ಯಲಿಲ್ಲವೆಂದು ಥಿಯೋನ್ ಎಂಬ ಹುಡುಗನು ತಂದೆಯ ಮೇಲೆ ಮುನಿದು ಬರೆದ ಓಲೆಯೂ ಇದೆ. ಅದನ್ನು ಲೋಕವೆಲ್ಲ ಓದಿ ಸಂತೋಷಪಡುತ್ತಿದೆ. ಆ ಹುಡುಗನ ಒಪ್ಪಿಗೆಯನ್ನು ಕೇಳಿದವರಾರು?

ಇದಕ್ಕೆ ಸಮಾಧಾನವು ಗೌತಮನ ಐದನೆಯ ಹೇತುವಿನಲ್ಲಿದೆ. ಸ್ವಾಮಿಯು ಯಾರೆಂದು ತಿಳಿಯದೆ ಭೂಮಿಯಲ್ಲಿ ಹುದುಗಿದ ನಿಧಿಯು ದೊರೆತಾಗ ಅಧಿಗಮವೆನಿಸುವುದು. (ಅಂತಹ ನಿಧಿಯನ್ನು ಕಂಡ ವಿದ್ವಾಂಸನು ಪೂರ್ಣವಾಗಿ ಇಟ್ಟುಕೊಳ್ಳಬಹುದೆಂದು ಮನುಯಾಜ್ಞವಲ್ಕ್ಯರು ಹೇಳಿರುವುದು ನಮ್ಮ ವರ್ಗದವರಿಗೆ ಅನುಕೂಲವಾಗಿಯೇ ಇದೆ!) ಥಿಯೋನನ ಹೆಸರು ತಿಳಿದಿದೆ; ಆದರೆ ಆ ಹೆಸರಿನಿಂದ ನೋಯುವವರು ಈಗ ಯಾರೂ ಇಲ್ಲ. ಹದಿನೇಳು ಹದಿನೆಂಟು ಶತಮಾನಗಳ ಮರಳು ಅವನ ಓಲೆಯನ್ನು ನಿಧಿಯನ್ನಾಗಿಸಿದೆ. ಹಮ್ಮಿಗಿಯ ಓಣಿಯಲ್ಲಿ ಈ ಬೆಳಿಗ್ಗೆ ಬಂಡಿಗಾಗಿ ಕಾದಿರುವ ಚೀಲದೊಳಗಿನ ಔಷಧದ ಚೀಟಿಯಾದರೋ ಇನ್ನೂ ನಿಧಿಯೂ ಅಲ್ಲ, ಉತ್ಸೃಷ್ಟವೂ ಅಲ್ಲ. ಅದರ ಒಡತಿಯು ಬಾಗಿಲಲ್ಲಿಯೇ ನಿಂತಿರುವಳು.