ಗುರುವಿಗೆ ಶಿಷ್ಯರ ಮಾತು

ಅಧ್ಯಾಪಕರ ಪಾಠ ಹೇಗಿದೆಯೆಂದು ವಿದ್ಯಾರ್ಥಿಗಳನ್ನೇ ಕೇಳಬೇಕೆಂದರೆ ‘ಗುರುವಿಗೇ ಅಂಕ ಹಾಕುವುದೆ?’ ಎಂದು ಹುಬ್ಬೇರಿಸುವವರು ಇಂದಿಗೂ ಇದ್ದಾರೆ. ಆದರೆ ಈ ವಿಚಾರ ಹೊಸದೇನಲ್ಲ. ಅದಕ್ಕೆ ಏಳುನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಮಧ್ಯಯುಗದಲ್ಲಿ ಇಟಲಿಯ ಬೊಲೋನ್ಯಾ ನಗರಕ್ಕೆ ಕಾನೂನು ಕಲಿಯಲು ದೂರದೇಶಗಳಿಂದ ಬಂದ ವಿದ್ಯಾರ್ಥಿಗಳು ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಅಧ್ಯಾಪಕರ ಸಂಭಾವನೆ ಅವರ ಕೈಯಲ್ಲೇ ಇತ್ತು. ತಡವಾಗಿ ಬಂದರೆ ದಂಡ, ಗಂಟೆಯಾದರೂ ಪಾಠ ನಿಲ್ಲಿಸದಿದ್ದರೆ ದಂಡ, ಕಠಿಣ ಭಾಗವನ್ನು ಬಿಟ್ಟು ಮುಂದೆ ಹೋದರೂ ದಂಡ! ಮುಂದೆ ನಗರಾಡಳಿತವೇ ಸಂಬಳ ಕೊಡತೊಡಗಿದಾಗ ಈ ಅಧಿಕಾರ ಕ್ರಮೇಣ ಕುಗ್ಗಿತು. ದಂಡದ ಭಯ ಅಧ್ಯಾಪಕರನ್ನು ಹೊತ್ತಿಗೆ ಸರಿಯಾಗಿ ಕರೆತಂದೀತು. ಅರ್ಥವಾಗದ ಪಾಠವನ್ನು ಅರ್ಥವಾಗುವಂತೆ ಮಾಡೀತೆ?

ಇಪ್ಪತ್ತನೆಯ ಶತಮಾನದಲ್ಲಿ ದಂಡದ ಜಾಗಕ್ಕೆ ಪ್ರಶ್ನಾವಳಿ ಬಂದಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಹರ್ಮನ್ ರೆಮ್ಮರ್ಸ್ ಮತ್ತು ಅವರ ಸಹೋದ್ಯೋಗಿ ಅಂಥದೊಂದು ಮಾಪಕವನ್ನು ಕುರಿತ ಪ್ರಯೋಗಗಳ ಫಲಿತಾಂಶವನ್ನು 1927ರಲ್ಲಿ ಪ್ರಕಟಿಸಿದರು. ವಿಷಯದಲ್ಲಿ ಆಸಕ್ತಿ, ನಿರೂಪಣೆ, ಅಂಕ ಕೊಡುವಲ್ಲಿ ನ್ಯಾಯ ಮುಂತಾದ ಹತ್ತು ಗುಣಗಳನ್ನು ವಿದ್ಯಾರ್ಥಿಗಳು ಅಳೆಯಬೇಕಿತ್ತು.

ಆದರೆ ಅಳತೆಯೂ ಮೋಸ ಹೋಗಬಲ್ಲುದು. ಅಮೆರಿಕದಲ್ಲೇ ಸಂಶೋಧಕರು ಒಬ್ಬ ನಟನಿಗೆ ‘ಡಾಕ್ಟರ್ ಫಾಕ್ಸ್’ ಎಂಬ ವೇಷ ತೊಡಿಸಿ, ಹುರುಳಿಲ್ಲದ ಉಪನ್ಯಾಸವನ್ನು ಬಲು ಸೊಗಸಾಗಿ ಮಾಡಿಸಿದರು. ಕೇಳುಗರಲ್ಲಿ ವೈದ್ಯರೂ ಶಿಕ್ಷಣತಜ್ಞರೂ ಇದ್ದರು. ಅವರಲ್ಲಿ ಹೆಚ್ಚಿನವರು ಮೆಚ್ಚುಗೆ ಸೂಚಿಸಿದರೆಂದು 1973ರ ವರದಿ ಹೇಳುತ್ತದೆ. ಮನಸ್ಸಿಗೆ ಹಿಡಿಸಿದ್ದೆಲ್ಲ ಕಲಿತಂತಲ್ಲ.

ಹಾಗಾದರೆ ಕೇಳುವುದೇ ವ್ಯರ್ಥವೆ? ಅಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಪೀಟರ್ ಕೋಹೆನ್ 1980ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಅವಧಿಯ ನಡುವೆಯೇ ವಿದ್ಯಾರ್ಥಿಗಳ ಅಭಿಪ್ರಾಯ ಪಡೆದ ಅಧ್ಯಾಪಕರ ಬೋಧನೆ ಸ್ವಲ್ಪ ಸುಧಾರಿಸಿತ್ತು. ಆ ಅಭಿಪ್ರಾಯವನ್ನು ಅನುಭವಿಗಳೊಡನೆ ಕುಳಿತು ಚರ್ಚಿಸಿದವರಲ್ಲಿ ಸುಧಾರಣೆ ಮತ್ತೂ ಹೆಚ್ಚಾಗಿತ್ತು.

ನಮ್ಮಲ್ಲಿಯೂ 1994ರಲ್ಲಿ ಸ್ಥಾಪನೆಗೊಂಡ, ಬೆಂಗಳೂರಿನಲ್ಲಿ ನೆಲೆಸಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಕಾಲೇಜುಗಳನ್ನು ಪರಿಶೀಲಿಸುವಾಗ ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಸ್ಥಾನ ಕೊಟ್ಟಿತು. ಇದು ಸ್ವಾಗತಾರ್ಹವೇ. ಆದರೆ ವರ್ಷದ ಕೊನೆಯಲ್ಲಿ ತುಂಬಿಸಿಕೊಂಡ ನಮೂನೆ ಕಡತ ಸೇರಿದರೆ, ಅದನ್ನು ಬರೆದುಕೊಟ್ಟ ವಿದ್ಯಾರ್ಥಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅವನ ಪಾಠ ಆಗಲೇ ಮುಗಿದಿರುತ್ತದೆ. ಪಾಠ ನಡೆಯುತ್ತಿರುವಾಗಲೇ ‘ಯಾವುದು ತಿಳಿಯಲಿಲ್ಲ?’ ಎಂದು ಕೇಳಿ, ಮರುದಿನ ಅದನ್ನೇ ಬೇರೆ ರೀತಿಯಲ್ಲಿ ವಿವರಿಸುವ ಅಧ್ಯಾಪಕರ ಗೌರವ ಕುಂದದು, ಹೆಚ್ಚುತ್ತದೆ.